ಮೂವತ್ತೆಂಟನೆಯ ಸಾಲಿನ ಬೊಟ್ಟು

ಇದನ್ನು ಹೇಳುವುದನ್ನು ನಾನು ಮೂವತ್ತು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ಮೊದಲು ಕೆಲಸ ಕಾಯಂ ಆಗಲಿ ಎಂದುಕೊಂಡೆ. ಆಮೇಲೆ ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ನಿವೃತ್ತಿಯಾದ ಮೇಲೆ ನೆಪಗಳು ಮುಗಿದವು, ಮುಂದೂಡುವ ಅಭ್ಯಾಸ ಮಾತ್ರ ಮುಗಿಯಲಿಲ್ಲ. ಹೋದ ವರ್ಷ ಇದಕ್ಕೆಂದೇ ಒಂದು ನೋಟ್‌ಬುಕ್ಕು ತಂದು ಮೊದಲ ಪುಟದಲ್ಲಿ ಒಂದು ಸಾಲು ಬರೆದಿಟ್ಟಿದ್ದೆ. ಎರಡು ತಿಂಗಳಾದರೂ ಎರಡನೆಯ ಸಾಲು ಬರಲಿಲ್ಲ. ಮೊಮ್ಮಗಳು ಆ ಹಾಳೆ ಹರಿದುಹಾಕಿ ಉಳಿದ ಪುಸ್ತಕವನ್ನು ತನ್ನ ಕಾಲೇಜಿಗೆ ಒಯ್ದಳು.

ನಾನು ಮಾಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬರ ಕೆಲಸದೊಳಗೆ ಅವರಿಗೆ ತಿಳಿಯದ ಹಾಗೆ ಒಂದು ಬೊಟ್ಟು ಇಟ್ಟೆ. ಆ ಬೊಟ್ಟಿನಿಂದ ಅವರಿಗೆ ಅವಮಾನವಾದ ಮೇಲೆ, ಅವರಿಗೆ ತಿಳಿಯದ ಹಾಗೆಯೇ ಅದನ್ನು ಅಳಿಸಿದೆ. ಇಟ್ಟದ್ದು ನನಗೆ ಅಷ್ಟು ದೊಡ್ಡ ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಅಳಿಸಿದ್ದು ಬೇರೆ.

ನಾನು ಹತ್ತನೇ ತರಗತಿ ಓದಿದವನು, ಜೊತೆಗೆ ಟೈಪಿಂಗ್ ಲೋಯರ್ ಪಾಸಾದವನು. ನಮ್ಮದು ಹಿಂದೂಪುರದಲ್ಲಿ ಮಗ್ಗದ ಮನೆ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ನನ್ನ ಕೈಗೆ ಲಾಳಿ ಒಗ್ಗಲಿಲ್ಲ, ಟೈಪ್‌ರೈಟರ್ ಒಗ್ಗಿತು. ಊರಿನ ಒಂದು ಕಾಲೇಜಿಗೆ ಕಂಪ್ಯೂಟರುಗಳು ಬಂದಾಗ ಟೈಪಿಂಗ್ ಗೊತ್ತಿದ್ದವನು ಎಂದು ನನ್ನನ್ನು ಆ ಕೋಣೆಯ ಅಟೆಂಡರ್ ಆಗಿ ಹಾಕಿಕೊಂಡರು, ತಾತ್ಕಾಲಿಕವಾಗಿ.

ಆ ಕೋಣೆಯನ್ನು ನೆನೆದರೆ ಈಗಲೂ ಮನಸ್ಸು ತಣ್ಣಗಾಗುತ್ತದೆ. ಮೊದಲು ಅದು ರಸಾಯನಶಾಸ್ತ್ರದವರ ಉಗ್ರಾಣವಾಗಿತ್ತು. ಎಷ್ಟು ಸಾರಿಸಿದರೂ ಮೂಲೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಉಳಿದುಕೊಂಡಿತ್ತು. ಕಿಟಕಿಗಳಿಗೆ ಕಂದು ಕಾಗದ ಅಂಟಿಸಿ ಮುಚ್ಚಿದ್ದರು. ಆದರೂ ಹುಣಸೆಹಣ್ಣಿನ ಕಾಲದಲ್ಲಿ ಮಂಡಿಯ ಕಡೆಯಿಂದ ಹುಳಿ ವಾಸನೆ ಹೇಗೋ ಒಳಗೆ ಬಂದು, ಕಂಪ್ಯೂಟರಿನ ಮುಂದೆ ಕೂತವರಿಗೆ ಬಾಯಲ್ಲಿ ನೀರೂರುತ್ತಿತ್ತು. ಇಡೀ ಕಾಲೇಜಿಗೆ ಏಸಿ ಇದ್ದದ್ದು ಅದೊಂದೇ ಕೋಣೆಗೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಪರೀಕ್ಷೆಗೆ ಸಂಬಂಧವಿಲ್ಲದ ಮೇಷ್ಟ್ರುಗಳೂ ಬೇಸಿಗೆಯಲ್ಲಿ ಬಂದು ಏನೋ ನೋಡುವವರಂತೆ ನಿಂತಿರುತ್ತಿದ್ದರು. ಮೂರು ಯಂತ್ರಗಳಿಗೂ ನನ್ನ ಹೆಂಡತಿ ಹೂವಿನ ಬಟ್ಟೆಯ ಗವುಸು ಹೊಲಿದುಕೊಟ್ಟಿದ್ದಳು. ದಿನಾ ಬೆಳಿಗ್ಗೆ ಎಂಟೂವರೆಗೆ ಬೀಗ ತೆಗೆದು, ಗವುಸು ಮಡಚಿಟ್ಟು, ಧೂಳು ಒರೆಸಿ, ಯಂತ್ರದ ಒಳಗಿನ ಗಡಿಯಾರವನ್ನು ಕಾಲೇಜಿನ ಹಿಂದಿನ ಹೋಟೆಲಿನ ರೇಡಿಯೋ ಸಮಯಕ್ಕೆ ಸರಿಹೊಂದಿಸುವುದು ನನ್ನ ಕೆಲಸ. ಅದನ್ನು ಮಾಡೆಂದು ಯಾರೂ ಹೇಳಿರಲಿಲ್ಲ. ನನಗೆ ಅದೊಂದು ಪೂಜೆಯ ಹಾಗಿತ್ತು.

ಗಣಿತದ ಮೇಡಂ ಬಂದದ್ದು ಎರಡನೆಯ ವರ್ಷ. ಕಲ್ಯಾಣದುರ್ಗದವರು. ಮನೆಮಾತು ಕನ್ನಡ, ಓದಿದ್ದು ತೆಲುಗಿನಲ್ಲಿ, ಪಾಠ ಮಾಡುವುದು ಇಂಗ್ಲಿಷಿನಲ್ಲಿ, ಬೈಯುವುದು ಮೂರರಲ್ಲೂ. ನನಗಿಂತ ಎರಡು ಮೂರು ವರ್ಷ ಚಿಕ್ಕವರಿರಬೇಕು. ಉಳಿದವರೆಲ್ಲ ನನ್ನನ್ನು ‘ಏಮಯ್ಯಾ’ ಎಂದು ಕರೆದರೆ ಅವರೊಬ್ಬರು ‘ಟೈಪು ಮಾಸ್ಟ್ರೇ’ ಎನ್ನುತ್ತಿದ್ದರು. ಮೊದಲು ಗೇಲಿ ಎಂದುಕೊಂಡೆ. ಹೌದು, ಗೇಲಿಯೇ. ಆದರೆ ಕೇಳುತ್ತಾ ಕೇಳುತ್ತಾ ಬೇಕೆನಿಸಿತು.

ತರಗತಿ ಮುಗಿದ ಮೇಲೆ ಮಧ್ಯಾಹ್ನ ಅವರು ಆ ಕೋಣೆಗೆ ಬಂದು ಕೂರುತ್ತಿದ್ದರು. ಒಂದು ದಿನ ಹಾಳೆಯ ಮೇಲೆ ಎರಡೇ ಎರಡು ಸಾಲು ಬರೆದಿಟ್ಟುಕೊಂಡು ಬಹಳ ಹೊತ್ತು ನೋಡುತ್ತಿದ್ದರು. ಅದೇನೆಂದು ಕೇಳಿದೆ.

‘ಡಿಫರೆನ್ಷಿಯಲ್ ಈಕ್ವೇಷನ್ ಮಾಸ್ಟ್ರೇ. ಅರ್ಥ ಆಗ್ಬೇಕಾ?’

‘ಹತ್ತನೇ ಕ್ಲಾಸಿನೋನಿಗೆ ಅರ್ಥ ಆಗೋ ಹಂಗಿದ್ರೆ ಹೇಳಿ.’

‘ನಿಮ್ಮನೇಲಿ ನೂಲಿಗೆ ಬಣ್ಣ ಹಾಕ್ತಾರಲ್ಲ? ಒಂದು ತಟ್ಟೆ ನೀರಲ್ಲಿ ಕೆಂಪು, ನೀಲಿ ಎರಡು ಬಣ್ಣ ಐತೆ ಅಂತ ಇಟ್ಕಳಿ. ಕೆಂಪು ಇದ್ದ ಕಡೆ ಇನ್ನೊಂಚೂರು ಕೆಂಪು ಹುಟ್ಟುತ್ತೆ. ಜೊತೆಗೆ ನೀಲೀನೂ ಹುಟ್ಟಿಸುತ್ತೆ. ನೀಲಿ ಏನ್ ಮಾಡುತ್ತೆ, ಕೆಂಪನ್ನ ಅಡಗಿಸುತ್ತೆ. ಆದ್ರೆ ನೀಲಿ ಜೋರಾಗಿ ಹರಡುತ್ತೆ, ಕೆಂಪು ನಿಧಾನ. ಅಂತೇ. ಇಷ್ಟೇ ರೂಲು.’

‘ಇಷ್ಟಕ್ಕೆ ಎಮ್ಮೆಸ್ಸಿ ಓದ್ಬೇಕಾ ಮೇಡಂ?’

ಅವರು ನಕ್ಕರು. ಆ ಎರಡು ಸಾಲನ್ನು ಕೈಯಿಂದ ಬಿಡಿಸುವುದು ಆಗದ ಕೆಲಸವಂತೆ. ಅದಕ್ಕೇ ಕಂಪ್ಯೂಟರಿಗೆ ಹಾಕುವುದು. ತಟ್ಟೆಯನ್ನು ನಲವತ್ತು ಸಾಲು, ಒಂದೊಂದು ಸಾಲಿಗೆ ನಲವತ್ತು ಮನೆ ಎಂದು ಚೌಕ ಮಾಡಬೇಕು. ಪ್ರತಿ ಮನೆಯೂ ತನ್ನ ನಾಲ್ಕು ನೆರೆಮನೆಗಳನ್ನು ಮಾತ್ರ ನೋಡುತ್ತದೆ. ಎಷ್ಟು ಕೊಡಬೇಕು, ಎಷ್ಟು ತೆಗೆದುಕೊಳ್ಳಬೇಕು ಎಂದು ಲೆಕ್ಕ ಹಾಕಿ ಒಂದು ಕೂದಲಿನಷ್ಟು ಬದಲಾಗುತ್ತದೆ. ಮತ್ತೆ ನೋಡುತ್ತದೆ, ಮತ್ತೆ ಅಷ್ಟೇ ಬದಲಾಗುತ್ತದೆ. ಹೀಗೆ ಸಾವಿರಾರು ಸಲ. ‘ದೂರದಲ್ಲಿ ಏನಾಗ್ತೈತೆ ಅಂತ ಯಾವ ಮನೆಗೂ ಗೊತ್ತಿಲ್ಲ ಮಾಸ್ಟ್ರೇ. ಆದ್ರೂ ಕೊನೆಗೆ ಇಡೀ ತಟ್ಟೇಲಿ ಚಿತ್ರ ಬರುತ್ತಂತೆ. ಪುಸ್ತಕದಲ್ಲಿ ಬರ್ದವ್ರೆ. ಬರುತ್ತೋ ಇಲ್ವೋ ನೋಡೇಬಿಡಾಣ.’

ಶುರುವಿಗೆ ಎಲ್ಲ ಮನೆಯಲ್ಲೂ ಬಣ್ಣ ಒಂದೇ ಸಮ ಇರಬೇಕು. ಆ ಸಾವಿರದ ಆರುನೂರು ಅಂಕಿಗಳನ್ನು ಒಂದು ಫೈಲಿನಲ್ಲಿ ಟೈಪ್ ಮಾಡುವ ಕೆಲಸವನ್ನು ನನಗೆ ಕೊಟ್ಟರು. ಎಲ್ಲಾ ಒಂದು ಪಾಯಿಂಟ್ ಸೊನ್ನೆ ಸೊನ್ನೆ. ಎರಡು ಸಾಲಿನ ಪ್ರೋಗ್ರಾಮಿನಲ್ಲಿ ಯಂತ್ರವೇ ಅದನ್ನು ತುಂಬಿಕೊಳ್ಳುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಆಗ ನನ್ನ ಕಾಯಮಾತಿಯ ಅರ್ಜಿ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. ಕಂಪ್ಯೂಟರ್ ಕೋಣೆಯಲ್ಲಿ ಈ ಮನುಷ್ಯ ಬೇಕೇ ಬೇಕು ಎಂದು ಅವರಿಗೆ ಕಾಣಲಿ ಎಂದೇ ಮೇಡಂ ನನಗೆ ಆ ಕೆಲಸ ಹಚ್ಚಿದ್ದರು.

ಎರಡು ದಿನ ಕೂತು ಟೈಪ್ ಮಾಡಿದೆ. ಒಂದೂ ತಪ್ಪಿಲ್ಲ. ಪರದೆಯ ಮೇಲೆ ನಲವತ್ತು ಸಾಲು, ಎಲ್ಲಿ ನೋಡಿದರೂ ಒಂದೇ, ಇಸ್ತ್ರಿ ಮಾಡಿದ ಬಟ್ಟೆಯಂತೆ. ನೋಡಿ ನನಗೇ ಹೆಮ್ಮೆಯಾಯಿತು. ಹೆಮ್ಮೆಯಾದ ಕೂಡಲೇ ಹೆದರಿಕೆಯಾಯಿತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಸೀರೆ ಮುಗಿದು ಮಗ್ಗದಿಂದ ಕೊಯ್ಯುವ ಮುಂಚೆ, ಸೆರಗಿನ ಕೊನೆಯ ಗೇಣಿನಲ್ಲಿ, ಅಂಚಿನ ಹತ್ತಿರ ಅಪ್ಪ ಬೇಕೆಂದೇ ಒಂದು ಎಳೆ ತಪ್ಪು ಹಾಕುತ್ತಿದ್ದರು. ಬೇರೆ ಬಣ್ಣದ ಒಂದೇ ಎಳೆ. ಕೊಳ್ಳುವವರಿಗೆ ಕಾಣುತ್ತಿರಲಿಲ್ಲ. ಅದಕ್ಕೆ ದೃಷ್ಟಿ ಎಳೆ ಎನ್ನುತ್ತಿದ್ದರು. ‘ಇಷ್ಟು ಸಾಪಾಗಿ ಬಂದ್ಬುಟ್ಟೈತೆ, ಯಾರ್ದಾನ ಕಣ್ಣು ಬಿದ್ದಾತು ಕಣ್ಲಾ. ಒಂದೆಳೆ ತಪ್ಪಾಕು’ ಎಂದು ನನಗೂ ಕಲಿಸಿದ್ದರು. ಅಪ್ಪನಿಂದ ಕಲಿತ ನೇಯ್ಗೆಯಲ್ಲಿ ನನಗೆ ನೆಟ್ಟಗೆ ಬಂದದ್ದು ಅದೊಂದೇ.

ಮೂವತ್ತೆಂಟನೆಯ ಸಾಲಿಗೆ ಹೋಗಿ, ಬಲಗಡೆಯಿಂದ ಮೂರನೆಯ ಮನೆಯಲ್ಲಿ, ಕೊನೆಯ ಸೊನ್ನೆಯನ್ನು ಒಂದು ಮಾಡಿದೆ. ಒಂದು ಪಾಯಿಂಟ್ ಸೊನ್ನೆ ಒಂದು. ಸಾವಿರದ ಆರುನೂರರಲ್ಲಿ ಒಂದು ಮನೆ, ಅದರಲ್ಲೂ ಕೂದಲೆಳೆಯಷ್ಟು. ಇದರಿಂದ ಏನಾದರೂ ಆದೀತು ಎಂಬ ಯೋಚನೆಯೇ ನನಗೆ ಬರಲಿಲ್ಲ. ಮೇಡಂನ ಕೆಲಸಕ್ಕೆ ಕಣ್ಣು ಬೀಳದಿರಲಿ ಎಂದು ಇಟ್ಟೆ. ಮೇಡಂ ಬಂದು ಮೇಲಿನ ನಾಲ್ಕು ಸಾಲು ನೋಡಿ, ‘ಭೇಷ್ ಮಾಸ್ಟ್ರೇ’ ಎಂದು ಯಂತ್ರ ಓಡಿಸಿದರು.

ಮೊದಲ ಪ್ರಿಂಟು ಬರೀ ಚುಕ್ಕೆ. ಕಡಿಮೆ ಬಣ್ಣವಿದ್ದರೆ ಚುಕ್ಕೆ, ಮಧ್ಯಮಕ್ಕೆ ಸೊನ್ನೆ, ಜಾಸ್ತಿಯಾದರೆ ನಕ್ಷತ್ರ ಎಂದು ಗೊತ್ತುಮಾಡಿದ್ದರು. ಎರಡನೆಯದೂ ಬರೀ ಚುಕ್ಕೆ, ಮೂರನೆಯದೂ ಹಾಗೇ. ಹೊರಗೆ ಬಿಸಿಲು ಇಳಿಯುತ್ತಿತ್ತು. ಇನ್ನೊಂದು ನೋಡಿ ಮನೆಗೆ ಹೋಗೋಣ ಎಂದರು. ನಾಲ್ಕನೆಯ ಹಾಳೆ ಕಿರ್ರ್ ಎನ್ನುತ್ತಾ ಮೇಲೆ ಬಂದಾಗ, ಕೆಳಗೆ ಬಲಮೂಲೆಯಲ್ಲಿ ಒಂದು ಸಣ್ಣ ಉಂಗುರ ಇತ್ತು.

ಐದನೆಯದರಲ್ಲಿ ಉಂಗುರದ ಸುತ್ತ ಇನ್ನೊಂದು ಉಂಗುರ. ಏಳನೆಯ ಹೊತ್ತಿಗೆ ಉಂಗುರಗಳು ಒಡೆದು ಸೀರೆಯ ಬುಟ್ಟಾಗಳ ಹಾಗೆ ಆಗಿದ್ದವು. ಒಂದರಿಂದ ಒಂದಕ್ಕೆ ಅಳೆದಿಟ್ಟಷ್ಟೇ ದೂರ. ನಡುವೆ ಕೆಲವು ಉದ್ದವಾಗಿ ಬಳ್ಳಿಯ ಹಾಗೆ ಬಾಗಿದ್ದವು. ಹತ್ತನೆಯ ಹಾಳೆಯಲ್ಲಿ ಮೇಲಿನ ಎಡಮೂಲೆಯ ತನಕ ಹಬ್ಬಿ ಇಡೀ ಚೌಕ ತುಂಬಿತ್ತು. ಯಾವ ಮನೆಗೂ ತನ್ನ ನೆರೆಯವರ ಆಚೆ ಏನೂ ಗೊತ್ತಿರಲಿಲ್ಲ. ಚಿತ್ರ ಬರೆಯೆಂದು ಯಾರೂ ಹೇಳಿರಲಿಲ್ಲ. ಮೇಡಂ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಹಾಳೆಗಳನ್ನು ಸುತ್ತ ಹರಡಿಕೊಂಡರು.

‘ಇದು ಯಾರಪ್ಪನ ಮನೆ ಡಿಸೈನು ಮಾಸ್ಟ್ರೇ?’

‘ನಮ್ಮಪ್ಪಂದಂತೂ ಅಲ್ಲ ಮೇಡಂ.’

ಒಂದು ಪ್ರತಿಯನ್ನು ಕೇಳಿ ಮನೆಗೆ ತಂದು, ನಕ್ಷತ್ರಗಳಿಗೆ ಕೆಂಪು ಪೆನ್ಸಿಲಿನಲ್ಲಿ ಬಣ್ಣ ತುಂಬಿದೆ. ಅಪ್ಪ ಕನ್ನಡಕ ಏರಿಸಿ ನೋಡಿದರು.

‘ಯಾರ್ ಆಕಿದ್ದೋ ಈ ಬುಟ್ಟಾನ?’

‘ಯಾರೂ ಆಕಿಲ್ಲಪ್ಪ. ಅದೇ ಬಂತು.’

‘ಅದೇ ಎಂಗ್ ಬತ್ತದೆ? ಮಗ್ಗ ತಾನೇ ನೇಯ್ಕತ್ತದಾ?’ ಎಂದು ಬೆರಳಿನಿಂದ ಸವರುತ್ತಾ ಬಂದು ಬಲಮೂಲೆಯಲ್ಲಿ ನಿಲ್ಲಿಸಿದರು. ‘ಇಗಾ, ಇಲ್ಲಿಂದ ಸುರುವಾಗೈತೆ. ಇಲ್ಲೇನೋ ಐತೆ ನೋಡು.’

ಆ ಮಾತು ಆಗ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೂಲೆಯಿಂದಲೇ ಯಾಕೆ ಶುರುವಾಗುತ್ತದೆ ಎಂದು ಮೇಡಂಗೂ ಅನುಮಾನ ಬಂದಿತ್ತು. ಎಷ್ಟು ಸಲ ಓಡಿಸಿದರೂ ಅಲ್ಲಿಂದಲೇ. ಕೊನೆಗೆ ಅವರೇ ಒಂದು ಕಾರಣ ಹುಡುಕಿಕೊಂಡರು. ಯಂತ್ರ ಲೆಕ್ಕ ಮಾಡುವಾಗ ಬಾಲದ ಅಂಕಿಗಳನ್ನು ಕತ್ತರಿಸುತ್ತದೆ. ಆ ಕತ್ತರಿಸಿದ ಚೂರುಗಳ ತಪ್ಪು ಕೊನೆಯ ಸಾಲುಗಳಲ್ಲಿ ಸೇರಿಕೊಂಡು ಚಿತ್ರಕ್ಕೆ ಬೀಜವಾಗುತ್ತದೆ ಎಂದು. ಪೂರಾ ಸಮ ಇದ್ದದ್ದರಿಂದ, ಯಂತ್ರದ ತಪ್ಪಿನಿಂದಲೇ ಚಿತ್ರ ಹುಟ್ಟಿದೆ ಎಂದು ಒಂದು ಲೇಖನ ಬರೆದರು. ಟೈಪ್ ಮಾಡಿದವನು ನಾನೇ.

ಜಿಲ್ಲೆಯ ಗಣಿತ ಉಪನ್ಯಾಸಕರ ಒಂದು ಸಭೆಯಲ್ಲಿ ಅದನ್ನು ಓದಲು ಕರೆದರು. ಪ್ರಿಂಟಿನ ಸುರುಳಿ ಹೊರಲು ನಾನೂ ಹೋದೆ. ಕೊನೆಯ ಬೆಂಚಿನಲ್ಲಿ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮೇಡಂ ಚೆನ್ನಾಗಿಯೇ ಮಾತಾಡಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಪ್ರೊಫೆಸರು, ಬೆಳ್ಳಗಿನ ಶರಟು, ನಿಧಾನಸ್ಥರು, ಎದ್ದು ನಿಂತು ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಕೇಳಿದರು.

‘ಎಲ್ಲಾ ಮನೇನೂ ಸಮ ಇದ್ರೆ, ಯಂತ್ರ ಎಲ್ಲಾ ಮನೆಗೂ ಒಂದೇ ತಪ್ಪು ಮಾಡುತ್ತೆ ಅಲ್ವೇನಮ್ಮಾ? ಆಮೇಲೂ ಎಲ್ಲಾ ಸಮವೇ ಇರ್ಬೇಕು. ಎಲ್ಲೋ ಒಂದು ಮನೆ ಕೂದಲಷ್ಟು ಬೇರೆ ಇದ್ರೆ ಮಾತ್ರ ಚಿತ್ರ ಬರುತ್ತೆ. ಏನಾದ್ರೂ ಇಟ್ಟಿದ್ದಿರಾ?’

‘ಇಲ್ಲ ಸರ್. ಎಲ್ಲಾ ಒಂದೇ.’

ನನ್ನ ತೊಡೆಯ ಮೇಲಿನ ಸುರುಳಿ ಇದ್ದಕ್ಕಿದ್ದಂತೆ ಭಾರವಾಯಿತು. ಅಪ್ಪನ ಬೆರಳು ನಿಂತ ಜಾಗ ಕಣ್ಣ ಮುಂದೆ ಬಂತು.

ಅಲ್ಲಿಯೇ ಒಂದು ಕಂಪ್ಯೂಟರಿತ್ತು. ಮೇಡಂ ಫ್ಲಾಪಿಯಲ್ಲಿ ಪ್ರೋಗ್ರಾಮು ಮಾತ್ರ ತಂದಿದ್ದರು. ನಾನು ಟೈಪ್ ಮಾಡಿದ ಅಂಕಿಗಳ ಫೈಲು ನಮ್ಮ ಕೋಣೆಯ ಯಂತ್ರದಲ್ಲೇ ಇತ್ತು. ಎಲ್ಲಾ ಒಂದೇ ತಾನೆ, ಇಲ್ಲೇ ಎರಡು ಸಾಲಿನಲ್ಲಿ ತುಂಬಿದರಾಯಿತು ಎಂದು ತುಂಬಿ ಓಡಿಸಿದರು. ಊಟದ ಹೊತ್ತು ಮುಗಿಯುವ ತನಕ ಎಲ್ಲರೂ ನೋಡಿದರು. ಪರದೆಯ ತುಂಬಾ ಚುಕ್ಕೆ. ಬೇರೇನೂ ಬರಲಿಲ್ಲ. ಪ್ರೊಫೆಸರು ನಮ್ಮ ಪ್ರಿಂಟನ್ನು ಬಿಡಿಸಿ ನೋಡಿ, ಯಾರನ್ನೂ ನೋಯಿಸಬೇಕೆಂಬ ದನಿಯಿಲ್ಲದೆ, ‘ಅಮ್ಮಾ, ಇದಿ ಲೆಕ್ಕ ಕಾದು, ಮುಗ್ಗು’ ಎಂದರು. ಇದು ಲೆಕ್ಕವಲ್ಲ, ರಂಗೋಲಿ ಎಂದು. ಸಭೆ ನಕ್ಕಿತು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಎದ್ದು ನಿಂತು ‘ನಾನು ಇಟ್ಟಿದ್ದೀನಿ’ ಎಂದರೆ ಸಾಕಿತ್ತು. ಆ ಪ್ರೊಫೆಸರು ಕೇಳಿದ್ದೂ ಅದನ್ನೇ. ಆದರೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಆ ಸಭೆಯಲ್ಲಿ, ಕೊನೆಯ ಬೆಂಚಿನ ಅಟೆಂಡರು ಎದ್ದು, ದೃಷ್ಟಿ ಆಗದಿರಲೆಂದು ಕಂಪ್ಯೂಟರಿಗೆ ಬೊಟ್ಟಿಟ್ಟೆ ಎಂದು ಹೇಳುವುದೇ? ಆ ನಗುವೆಲ್ಲ ನನ್ನ ಕಡೆ ತಿರುಗುವುದು ಕಾಣಿಸಿತು. ಪ್ರಿನ್ಸಿಪಾಲರ ಮೇಜಿನ ಮೇಲಿನ ಅರ್ಜಿಯೂ ಕಾಣಿಸಿತು. ಸುರುಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿಯ ಪಕ್ಕ ಕೂತಿದ್ದರು. ಪೆನುಕೊಂಡ ದಾಟಿದ ಮೇಲೆ ಕೇಳಿದರು.

‘ಮಾಸ್ಟ್ರೇ, ನೀವು ಟೈಪ್ ಮಾಡಿದ್ದು ಎಲ್ಲಾ ಒಂದೇ ತಾನೆ?’

‘ಎಲ್ಲಾ ಒಂದೇ ಮೇಡಂ.’

‘ಅದೇ ಮತ್ತೆ. ನಮ್ಮ ಮಿಷಿನ್‌ನಲ್ಲಿ ಬತ್ತದೆ, ಅಲ್ಲಿ ಬರ್ಲಿಲ್ಲ. ಸೋಮವಾರ ನಮ್ಮ ಫೈಲ್‌ನೇ ಇನ್ನೊಂದ್ಸಲ ಓಡಿಸಿ ನೋಡಾಣ.’

ಆ ಸೋಮವಾರ ನಾನು ಎಂದಿನಂತೆ ಎಂಟೂವರೆಗೆ ಬೀಗ ತೆಗೆದೆ. ಗವುಸು ಮಡಚಿದೆ. ಧೂಳು ಒರೆಸಿದೆ. ರೇಡಿಯೋ ಕೇಳಿ ಗಡಿಯಾರ ಸರಿಮಾಡಿದೆ. ಆಮೇಲೆ ಫೈಲು ತೆಗೆದು, ಮೂವತ್ತೆಂಟನೆಯ ಸಾಲಿಗೆ ಹೋಗಿ, ಆ ಒಂದನ್ನು ಸೊನ್ನೆ ಮಾಡಿ ಮುಚ್ಚಿದೆ. ಮೇಡಂ ಫೈಲನ್ನು ಸಾಲು ಸಾಲಾಗಿ ನೋಡಿದರೆ ಸಿಕ್ಕಿಬೀಳುತ್ತೇನೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಅವರು ಹತ್ತೂವರೆಗೆ ಬಂದರು. ಮೂರು ದಿನ ಓಡಿಸಿದರು. ಹಾಳೆಯ ಮೇಲೆ ಹಾಳೆ ಚುಕ್ಕೆ. ಸಮೀಕರಣ ಬದಲಾಗಿಲ್ಲ, ಯಂತ್ರ ಬದಲಾಗಿಲ್ಲ, ಫೈಲು ಅದೇ ಎಂದು ಅವರ ನಂಬಿಕೆ. ಬದಲಾಗಿದ್ದರೆ ತಾನೇ ಇರಬೇಕು ಎಂದು ಅವರು ತಮ್ಮನ್ನೇ ಅನುಮಾನಿಸಲು ಶುರುಮಾಡಿದ್ದನ್ನು ನಾನು ಎರಡು ಮಾರು ದೂರದಲ್ಲಿ ಕೂತು ನೋಡಿದೆ. ಮೊದಲಿನ ಸಲ ಬೇರೆ ಏನೋ ಓಡಿಸಿದ್ದೆನಾ ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಎಂದೆ. ಗುರುವಾರ ಚುಕ್ಕೆಯ ಹಾಳೆಗಳನ್ನೆಲ್ಲ ಜೋಡಿಸಿ ನನ್ನ ಕೈಗೆ ಕೊಟ್ಟರು. ‘ಹಿಂದ್ಗಡೆ ಖಾಲಿ ಐತೆ ಮಾಸ್ಟ್ರೇ, ಎಸೀಬ್ಯಾಡಿ. ಹುಡುಗ್ರಿಗೆ ರಫ್ ಮಾಡಾಕಾಗುತ್ತೆ.’

ಸ್ಟಾಫ್ ರೂಮಿನಲ್ಲಿ ಅವರಿಗೆ ‘ಮುಗ್ಗುಲ ಮೇಡಂ’ ಎಂದು ಹೆಸರಾಯಿತು. ಸಂಕ್ರಾಂತಿಯ ಹಿಂದಿನ ದಿನ ಒಬ್ಬರು ‘ಏಮ್ ಮೇಡಂ, ಈಸಾರಿ ಮನೆ ಮುಂದೆ ನೀವ್ ಹಾಕ್ತೀರೋ, ಕಂಪ್ಯೂಟ್ರೇ ಹಾಕುತ್ತೋ?’ ಎಂದು ಕೇಳಿದ್ದು ನನಗೆ ಕೇಳಿಸಿತ್ತು. ಮೇಡಂ ಮತ್ತೆ ಆ ಕೋಣೆಗೆ ಬಂದದ್ದು ಪರೀಕ್ಷೆಯ ಅಂಕಪಟ್ಟಿಗೆ ಮಾತ್ರ. ನಾಲ್ಕು ತಿಂಗಳಿಗೆ ನನಗೆ ಕಾಯಂ ಆದೇಶ ಬಂತು. ಅದರ ಕಡತದಲ್ಲಿ ಮೇಡಂ ಬರೆದ ಶಿಫಾರಸು ಇತ್ತು. ‘ಅಂಕಿಗಳಲ್ಲಿ ಅತ್ಯಂತ ನಂಬಿಕಸ್ಥರು’ ಎಂದು. ಮರುವರ್ಷ ಅವರು ವರ್ಗ ಮಾಡಿಸಿಕೊಂಡು ಕಲ್ಯಾಣದುರ್ಗಕ್ಕೆ ಹೋದರು. ಬೀಳ್ಕೊಡುವ ದಿನ ಕುರ್ಚಿ ಹಾಕಿದವನು, ಹಾರ ತಂದವನು ನಾನು.

ಆ ಬಣ್ಣ ತುಂಬಿದ ಹಾಳೆ ಅಪ್ಪ ಹೋಗುವ ತನಕ ಮಗ್ಗದ ಪಕ್ಕದ ಗೋಡೆಯ ಮೇಲಿತ್ತು. ಮಗ್ಗ ಬಿಚ್ಚಿ ಮಾರಿದಾಗ ನಾನು ಅದನ್ನು ಪೆಟ್ಟಿಗೆಗೆ ಹಾಕಿದೆ.

ಈಗ್ಗೆ ಕೆಲವು ತಿಂಗಳ ಹಿಂದೆ, ಡಿಗ್ರಿ ಓದುತ್ತಿರುವ ಮೊಮ್ಮಗಳು ಫೋನು ಹಿಡಿದು ನನ್ನ ಪಕ್ಕ ಬಂದು ಕೂತಳು. ಅವಳ ಕಾಲೇಜಿನಲ್ಲಿ ಏನೋ ಪ್ರಾಜೆಕ್ಟು.

‘ತಾತ, ಇಲ್ನೋಡು. ಎರಡೇ ಈಕ್ವೇಷನ್ನು.’

ಪರದೆ ಒಂದೇ ಬಣ್ಣದ್ದಾಗಿತ್ತು, ಬೋಳು. ನೋಡಿದೆ. ನೋಡುತ್ತಲೇ ಇದ್ದೆ.

‘ಏನೂ ಬರ್ತಿಲ್ವಲ್ಲಮ್ಮ.’

‘ಸುಮ್ನೆ ನೋಡಿದ್ರೆ ವರ್ಷ ಕಳುದ್ರೂ ಬರಲ್ಲ ತಾತ. ಎಲ್ಲಾದ್ರೂ ಒಂದ್ಕಡೆ ಬೆರಳಿಡ್ಬೇಕು. ಇಡು.’

ನನ್ನ ಬೆರಳು ತಾನಾಗಿ ಕೆಳಗೆ ಬಲಮೂಲೆಗೆ ಹೋಯಿತು. ಮುಟ್ಟಿದ ಜಾಗದಿಂದ ಒಂದು ಉಂಗುರ ಎದ್ದಿತು. ಅದರ ಸುತ್ತ ಇನ್ನೊಂದು. ಮೂವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನವೆಲ್ಲ ತೆಗೆದುಕೊಂಡದ್ದು ಈಗ ನಾನು ಉಸಿರು ಬಿಡುವಷ್ಟರಲ್ಲಿ ಪರದೆ ತುಂಬಿತು. ನಾನು ಎದ್ದು ಹೋಗಿ ಪೆಟ್ಟಿಗೆಯಿಂದ ಹಾಳೆ ತಂದು ತೋರಿಸಿದೆ. ಬೊಟ್ಟು ಇಟ್ಟ ಕಥೆಯನ್ನು ಅವಳಿಗೆ ಹೇಳಿದೆ. ಅಳಿಸಿದ್ದನ್ನು ಹೇಳಲಿಲ್ಲ.

‘ಆ ಮೇಡಂಗೆ ಹೇಳಿದ್ಯಾ ತಾತ?’

‘ಇಲ್ಲಮ್ಮ.’

‘ಇಷ್ಟು ವರ್ಷ ಏನ್ ಮಾಡ್ತಿದ್ದೆ?’

ಮರುವಾರ ಹೊರಟೆ. ಮಡಕಶಿರಾ ದಾಟಿ, ಪಾವಗಡದಲ್ಲಿ ಕರ್ನಾಟಕಕ್ಕೆ ಹೊಕ್ಕು ಮತ್ತೆ ಆಂಧ್ರಕ್ಕೆ ಬರುವ ದಾರಿ. ಬೋರ್ಡುಗಳ ಅಕ್ಷರ ಬದಲಾಗುತ್ತವೆ, ಬಸ್ಸಿನೊಳಗಿನ ಮಾತು ಬದಲಾಗುವುದಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಟೈಪ್ ಮಾಡುತ್ತಾ ಬಂದೆ. ಎರಡೇ ಸಾಲು. ಬೊಟ್ಟು ನಾನಿಟ್ಟೆ. ಬೊಟ್ಟು ನಾನೇ ಅಳಿಸಿದೆ, ಕ್ಷಮಿಸಿ.

ಕಲ್ಯಾಣದುರ್ಗದಲ್ಲಿ ಕೇಳಿದ ಮೂರನೆಯವರೇ ಮನೆ ತೋರಿಸಿದರು. ಬಾಗಿಲ ಮುಂದೆ ನೀರು ಹಾಕಿ ಗುಡಿಸಿತ್ತು. ಆ ಬೀದಿಯಲ್ಲಿ ಎಲ್ಲರ ಬಾಗಿಲಿಗೂ ರಂಗೋಲಿ ಇತ್ತು, ಅವರ ಬಾಗಿಲಿಗೆ ಇರಲಿಲ್ಲ.

ಮೇಡಂ ಕೋಲೂರಿಕೊಂಡು ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ಒಂದು ಗಳಿಗೆ ನೋಡಿ, ‘ಅಯ್ಯೋ, ಟೈಪು ಮಾಸ್ಟ್ರು. ಕಾಲ್ ನೋವು ಕಣ್ರೀ, ಬಾಗ್ಲಿಗೆ ಬರಾದು ನಿಧಾನ, ದನಿ ಕೇಳಿ ಗುರುತು ಹಿಡಿಯಾಣ ಅಂದ್ರೆ ನೀವ್ ಬಾಯೇ ಬಿಡ್ತಿಲ್ಲ’ ಎಂದರು. ಕಾಫಿ ಮಾಡಿ ತಂದರು. ಯಾರು ಯಾರು ಇದ್ದಾರೆ, ಯಾರು ಹೋದರು, ಏಸಿ ಕೋಣೆಗೆ ನೆಪ ಮಾಡಿ ಬರುತ್ತಿದ್ದ ಮೇಷ್ಟ್ರುಗಳು, ಗವುಸಿನ ಹೂವು ಯಾವ ಬಣ್ಣ, ಎಲ್ಲ ಮಾತಾಡಿದೆವು. ಗವುಸಿನ ಹೂವು ನೇರಳೆ ಎಂದು ಅವರಿಗೆ ನೆನಪಿತ್ತು, ನನಗೆ ಇರಲಿಲ್ಲ.

ಮೊಮ್ಮಗಳು ನನ್ನ ಫೋನಿಗೆ ಹಾಕಿಕೊಟ್ಟಿದ್ದನ್ನು ತೆಗೆದು ಅವರ ಕೈಗೆ ಕೊಟ್ಟೆ. ಬೋಳು ಪರದೆ. ‘ಒಂದ್ಕಡೆ ಬೆರಳಿಡಿ ಮೇಡಂ’ ಎಂದೆ. ಇಟ್ಟರು. ಚಿತ್ರ ಹಬ್ಬುವುದನ್ನು ಅವರು ನೋಡುತ್ತಿದ್ದಾಗಲೇ ಹೇಳಿದೆ. ದೃಷ್ಟಿ ಎಳೆ, ಮೂವತ್ತೆಂಟನೆಯ ಸಾಲು, ಬಲಗಡೆಯಿಂದ ಮೂರನೆಯ ಮನೆ.

ಅವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

‘ಎಷ್ಟಿಟ್ಟಿದ್ರಿ?’

‘ಒಂದು ಪಾಯಿಂಟ್ ಸೊನ್ನೆ ಒಂದು.’

ಅವರು ನಗತೊಡಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ‘ಅಂದ್ರೆ ನನ್ನ ಈಕ್ವೇಷನ್ ಸರಿಯಾಗೇ ಇತ್ತು. ಪ್ರೋಗ್ರಾಮೂ ಸರಿಯಾಗೇ ಇತ್ತು. ನನ್ ತಲೆ ಕೆಟ್ಟಿರ್ಲಿಲ್ಲ. ಅಲ್ಲೇನ್ರೀ ಮಾಸ್ಟ್ರೇ, ಕಂಪ್ಯೂಟ್ರಿಗೆ ದೃಷ್ಟಿಬೊಟ್ಟು ಇಟ್ಟೋರು ಈ ಭೂಮಿ ಮೇಲೆ ನೀವೊಬ್ರೇ ಇರ್ಬೇಕು.’ ಒಂದು ಹಾಳೆ ತೆಗೆದುಕೊಂಡು, ಎರಡು ಸಾಲು ಬರೆದು, ಕೆಳಗೆ ಏನೋ ಲೆಕ್ಕ ಹಾಕಲು ಶುರುಮಾಡಿದರು. ಅವರ ಮುಖ ಆ ನಾಲ್ಕನೆಯ ಹಾಳೆಯ ಮಧ್ಯಾಹ್ನ ಇದ್ದಂತೆಯೇ ಆಗಿತ್ತು. ನಾನು ಹೇಳಬೇಕಾದ ಎರಡನೆಯ ಸಾಲು ನಾಲಿಗೆಯ ತುದಿಗೆ ಬಂದಿತ್ತು.

ಪೆನ್ನು ನಿಂತಿತು.

‘ಆದ್ರೆ ಸೋಮವಾರ ನಮ್ಮ ಫೈಲ್‌ನೇ ಓಡಿಸ್ದೆ. ಬೊಟ್ಟು ಅದ್ರಲ್ಲೇ ಇರ್ಬೇಕಲ್ಲ? ಯಾಕ್ ಬರ್ಲಿಲ್ಲ?’

ನಾನು ಕಾಫಿ ಲೋಟ ನೋಡುತ್ತಿದ್ದೆ.

‘ಆ ಫೈಲಿನ ಟೈಮು ನೋಡಿದ್ದೆ ಮಾಸ್ಟ್ರೇ. ಸೋಮವಾರ ಎಂಟು ಐವತ್ತು ಅಂತ ಇತ್ತು. ನಾನು ಬಂದಿದ್ದು ಹತ್ತೂವರೆಗೆ. ನೀವ್ ಧೂಳು ಒರೆಸ್ವಾಗ ಏನೋ ಒತ್ತಿರ್ಬೇಕು ಅಂದ್ಕಂಡೆ.’ ಅವರು ನನ್ನನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ. ಬಾಗಿಲು ತೆಗೆದು ಪಕ್ಕಕ್ಕೆ ನಿಂತವರ ಹಾಗೆ ಕಾಯುತ್ತಿದ್ದರು.

ನಾನು ಹೇಳಿದೆ, ‘ಆ ಮಿಷಿನ್ ಗಡಿಯಾರ ಯಾವತ್ತೂ ಸರಿಯಾಗಿರ್ಲಿಲ್ಲ ಮೇಡಂ.’

ಅವರು ಪೆನ್ನಿನ ಮುಚ್ಚಳ ಹಾಕಿದರು. ‘ಹೌದಾ,’ ಎಂದರು. ‘ಇರ್ಬೋದು. ಕಾಫಿ ಆರೋಗ್ತದೆ, ಕುಡೀರಿ.’

ಬಸ್ಸಿಗೆ ಹೊರಟಾಗ, ಬೇಡವೆಂದರೂ, ಕೋಲೂರಿಕೊಂಡು ಬೀದಿಯ ತಿರುವಿನ ತನಕ ಬಂದರು. ‘ಇನ್ನೊಂದ್ಸಲ ಬನ್ನಿ ಮಾಸ್ಟ್ರೇ’ ಎಂದರು. ನಿಧಾನವಾಗಿ ಹಿಂದಿರುಗಿದರು. ಪಾವಗಡ ಬರುವ ತನಕ ನಾನು ಕಣ್ಣು ತೆರೆಯಲಿಲ್ಲ.

‘ಹೇಳಿದ್ಯಾ ತಾತ?’ ಎಂದು ಮೊಮ್ಮಗಳು ಕೇಳಿದಳು. ಹೇಳಿದೆ ಎಂದೆ. ‘ಏನಂದ್ರು?’ ನಕ್ಕರು ಎಂದೆ. ಅವಳಿಗೆ ಸಂತೋಷವಾಯಿತು.

ಆ ಗಡಿಯಾರ ಸರಿಯಾಗಿಯೇ ಇತ್ತು. ದಿನಾ ಬೆಳಿಗ್ಗೆ ರೇಡಿಯೋ ಕೇಳಿ ಅದನ್ನು ಸರಿಮಾಡುತ್ತಿದ್ದವನು ನಾನೇ. ಸೋಮವಾರ ಎಂಟು ಐವತ್ತಕ್ಕೆ ಮೂವತ್ತೆಂಟನೆಯ ಸಾಲಿನಲ್ಲಿ ಒಂದನ್ನು ಸೊನ್ನೆ ಮಾಡಿದವನೂ ನಾನೇ. ಮೂವತ್ತು ವರ್ಷದಲ್ಲಿ ಮೇಡಂ ಒಂದೇ ಪ್ರಶ್ನೆಯನ್ನು ನನ್ನ ಮುಂದೆ ಮೂರು ಸಲ ಇಟ್ಟರು, ಬಸ್ಸಿನಲ್ಲಿ, ಏಸಿ ಕೋಣೆಯಲ್ಲಿ, ಅವರ ಮನೆಯಲ್ಲಿ, ಮೂರು ಸಲವೂ ಸುಳ್ಳು ಹೇಳಿದೆ. ಮೂರನೆಯ ಸಲ ನನಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಅದಕ್ಕೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಕಣ್ಣೆದುರು ಹೇಳಲಾಗದ್ದನ್ನು ಬರೆದಿದ್ದೇನೆ. ಇದು ಅವರ ಕಣ್ಣಿಗೂ ಬೀಳಲಿ, ಅವರು ಕನ್ನಡ ಓದುತ್ತಾರೆ. ಕಲ್ಯಾಣದುರ್ಗದ ಆ ಬೀದಿಯಲ್ಲಿ, ಬಾಗಿಲಿಗೆ ರಂಗೋಲಿ ಹಾಕದ ಮನೆಯಲ್ಲಿರುವವರು, ಅಟೆಂಡರನನ್ನು ಮಾಸ್ಟ್ರೇ ಎಂದು ಕರೆದವರು, ಅಂಕಿಗಳಲ್ಲಿ ನಾನು ನಂಬಿಕಸ್ಥನೆಂದು ಬರೆದುಕೊಟ್ಟವರು, ನಮ್ಮ ಗಣಿತದ ಮೇಡಂ.